ಐದು ಗಂಟೆಗೆ ಹಳೇ ಊರು

“ಹೊಳ್ಳಿಸಬ್ಯಾಡ, ಬಿಡು. ಅಲ್ಲೇ ಬಿಡು.”

ಆಯಿ ಮೊಮ್ಮಗಳು ಮಿತ್ರಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ರೇಡಿಯೋದ ಗುಂಡಿಯ ಮೇಲೆ ಮಿತ್ರಾಳ ಬೆರಳು ಹಾಗೇ ನಿಂತಿತು.

ಸಂಜೆಯ ಹಾಡು ಹುಡುಕಿಕೊಡು ಎಂದು ಆಯಿಯೇ ಕೇಳಿದ್ದಳು. ರೇಡಿಯೋ ಹಳೆಯದು. ಒಳಗಿನ ದಾರ ಸಡಿಲಾಗಿ, ಕೆಂಪು ಮುಳ್ಳು ತನಗೆ ಬೇಕಾದ ಕಡೆ ಹೋಗಿ ನಿಲ್ಲುತ್ತಿತ್ತು. ಒಂದು ಸ್ಟೇಷನ್ ದಾಟಿದರೆ ಇನ್ನೊಂದು ಸಿಗುವವರೆಗೆ ಬರೀ ಗೊರಗೊರ ಸದ್ದು. ಈಗ ಆ ಸದ್ದಿನ ನಡುವಿನಿಂದ ಯಾರೋ ಮಾತಾಡುತ್ತಿದ್ದರು.

“...ಹಿಟ್ಟಿನ ಗಿರಣಿ ದಾಟಿದ್ರಿ? ಈಗ ಎಡಕ್ಕ ಹೊಳ್ರಿ. ಇಲ್ಲಿ ಓಣಿ ಸಣ್ಣದು, ಎದುರಿಗೆ ಎತ್ತು ಬಂದ್ರ ಗ್ವಾಡಿಗೆ ಆತು ನಿಲ್ಲಬೇಕು. ಬಲಕ್ಕ ಕಟ್ಟಿ ಐತಿ. ಕಟ್ಟಿ ಮ್ಯಾಲ ಮೂರು ಮಂದಿ ಹಿರ್ಯಾರು ಕುಂತಾರ. ಅವರಿಗೆ ಶರಣ್ರಿ ಅಂದು ಮುಂದ ನಡೀರಿ...”

ಗಂಡಸಿನ ದನಿ. ಅವಸರವಿಲ್ಲದ, ತಗ್ಗಿನ ದನಿ. ಹಿಂದೆ ಸಂಗೀತವಿಲ್ಲ, ಜಾಹೀರಾತಿಲ್ಲ.

“ಇದು ನಮ್ಮ ಹಳೇ ಊರು,” ಎಂದಳು ಆಯಿ.

ಹಳೇ ಊರು ಎಂದರೆ ಹಳೇ ಕೊಲ್ಹಾರ. ಮಿತ್ರಾ ಅದನ್ನು ನೋಡಿಲ್ಲ. ನೋಡಲು ಅಲ್ಲಿ ಈಗ ನೀರಿನ ಹೊರತು ಏನೂ ಇಲ್ಲ. ಡ್ಯಾಮಿನ ಹಿನ್ನೀರು ಏರಿ ಬಂದಾಗ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಮೇಲಕ್ಕೆ ಬಂತಂತೆ. ಬ್ರಿಜ್ ಮೇಲೆ ಬಸ್ಸು ಹೋಗುವಾಗ ಅಪ್ಪ ಕಿಟಕಿಯಿಂದ ಕೈ ತೋರಿಸಿ, ಅಲ್ಲಿತ್ತು ನೋಡು ಎನ್ನುತ್ತಿದ್ದ. ಮಿತ್ರಾಳಿಗೆ ಅಲ್ಲಿ ಮೀನಿನ ಬಲೆ, ದೋಣಿ, ಬೆಳ್ಳಕ್ಕಿ ಅಷ್ಟೇ ಕಾಣುತ್ತಿದ್ದವು.

ಆಯಿಗಂತೂ ನೀರೂ ಕಾಣುತ್ತಿರಲಿಲ್ಲ. ಶೆಟ್ಟೆವ್ವ ಆಯಿಯ ಕಣ್ಣು ಮಂಜಾಗಿ ಆರು ವರ್ಷವಾಗಿತ್ತು. ಆಪರೇಷನ್ ಮಾಡಿಸಿದರೂ ನೋಟ ಮರಳಲಿಲ್ಲ. ಹೊಸ ಊರಿನಲ್ಲಿ ಅವಳು ಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕಟ್ಟೆಗೆ, ಅಷ್ಟೇ ಓಡಾಡುತ್ತಿದ್ದಳು.

ಈಗ ಮಿತ್ರಾ ನೋಡುತ್ತಾಳೆ, ಚಾಪೆಯ ಮೇಲೆ ಕೂತ ಆಯಿಯ ಪಾದಗಳು ಅಲುಗುತ್ತಿವೆ. ದನಿ ಎಡಕ್ಕೆ ಎಂದರೆ ಎಡಗಾಲಿನ ಹೆಬ್ಬೆರಳು, ಬಲಕ್ಕೆ ಎಂದರೆ ಬಲಗಾಲಿನ ಹೆಬ್ಬೆರಳು. ಆಯಿ ನಡೆಯುತ್ತಿದ್ದಳು.

ಇಪ್ಪತ್ತು ನಿಮಿಷವಾದ ಮೇಲೆ ಆ ದನಿ, ನಾಳೆ ಇಲ್ಲಿಂದಲೇ ಮುಂದೆ ಹೋಗೋಣ ಎಂದಿತು. ಆಮೇಲೆ ಟಕ್ ಎಂದು ಸದ್ದಾಗಿ ಮತ್ತೆ ಗೊರಗೊರ ಶುರುವಾಯಿತು.

ಮರುದಿನ ಐದು ಗಂಟೆಗೆ ಸರಿಯಾಗಿ ಅದು ಮತ್ತೆ ಬಂತು. ಅದರ ಮರುದಿನವೂ ಬಂತು.

ಶಾಲೆಯಿಂದ ಬಂದು ಮುಖ ತೊಳೆದು ಆಯಿಯ ಪಕ್ಕ ಕೂರುವುದು ಮಿತ್ರಾಳಿಗೆ ರೂಢಿಯಾಯಿತು. ಮೊದಮೊದಲು ಆಯಿಗಾಗಿ ಕೂರುತ್ತಿದ್ದಳು. ಮೂರನೆಯ ದಿನದಿಂದ ತನಗಾಗಿಯೇ ಕೂತಳು. ಆ ಮನುಷ್ಯನಿಗೆ ಎಷ್ಟೆಲ್ಲ ನೆನಪಿತ್ತು. ಯಾವ ಮನೆಯ ಕದಕ್ಕೆ ಕುದುರೆ ಲಾಳ ಹೊಡೆದಿತ್ತು, ಅದರಲ್ಲಿ ಎಷ್ಟು ಮೊಳೆ ಉಳಿದಿದ್ದವು, ಯಾವ ಮೆಟ್ಟಿಲು ಮಳೆಗಾಲದಲ್ಲಿ ಜಾರುತ್ತಿತ್ತು, ಎಲ್ಲಿ ಕುಸುಬೆ ಎಣ್ಣೆಯ ವಾಸನೆ ಶುರುವಾಗಿ ಎಲ್ಲಿ ಮುಗಿಯುತ್ತಿತ್ತು ಎಂದು ಹೇಳುತ್ತಿದ್ದ. ಕೇಳುತ್ತ ಕೇಳುತ್ತ ಮಿತ್ರಾ ಒಮ್ಮೆ ಮೂಗೆಳೆದು ನೋಡಿದಳು. ನಿಜವಾಗಿ ಎಣ್ಣೆಯ ವಾಸನೆ ಬಂದ ಹಾಗೇ ಆಯಿತು.

“ಯಾರರೆ ಇರಲಿ ಇಂವ, ಕಣ್ಣ ಇಟ್ಟ ನೋಡ್ಯಾನ,” ಎಂದಳು ಆಯಿ.

ನಿನ್ನ ಮನೆ ಯಾವಾಗ ಬರುತ್ತದೆ ಎಂದು ಮಿತ್ರಾ ಕೇಳಿದಳು.

“ನಮ್ಮ ಓಣಿ ಅಗಸಿ ಹೊರಗ, ಹೊಳಿ ಕಡೆ. ಕಡೀಕ ಬರ್ತೈತಿ. ಬಂದ್ರ.”

ಅಗಸಿ ಎಂದರೆ ಊರಿನ ದೊಡ್ಡ ಬಾಗಿಲು. ಎಲ್ಲರ ಮನೆ ಒಳಗಿರುವಾಗ ನಮ್ಮದು ಮಾತ್ರ ಯಾಕೆ ಹೊರಗೆ ಎಂದು ಮಿತ್ರಾ ಕೇಳಿದಳು. ಆಗ ನಮ್ಮ ಮಂದಿಯನ್ನು ಊರೊಳಗೆ ಇರಗೊಡುತ್ತಿರಲಿಲ್ಲ ಎಂದು ಆಯಿ ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಅವತ್ತು ಬಿಸಿಲಿತ್ತು ಎನ್ನುವ ಹಾಗೆ ಹೇಳಿದಳು.

ಮಿತ್ರಾಳ ಪೂರ್ತಿ ಹೆಸರು ಸಂಘಮಿತ್ರಾ. ಅವಳು ಐದನೆಯ ಕ್ಲಾಸು. ಕ್ಲಾಸಿನಲ್ಲಿ ಅವಳ ಪಕ್ಕ ಕೂರುವವಳು ಬುಶ್ರಾ. ಬುಶ್ರಾಳಿಗೆ ಹೇಳದೆ ಉಳಿಯುವ ಸುದ್ದಿ ಮಿತ್ರಾಳ ಹೊಟ್ಟೆಯಲ್ಲಿ ಒಂದೂ ಇರಲಿಲ್ಲ. ಬಿಸಿಯೂಟದ ಹೊತ್ತಿಗೆ ಇದನ್ನೂ ಹೇಳಿದಳು.

ಬುಶ್ರಾ ನಂಬಲಿಲ್ಲ. ಸಂಜೆ ತನ್ನ ಅಬ್ಬಾನ ಮೊಬೈಲಿಗೆ ಇಯರ್‌ಫೋನ್ ಚುಚ್ಚಿ ಎಫ್‌ಎಂ ಹಾಕಿ ನೋಡಿದಳು. ಮಿತ್ರಾ ಹೇಳಿದ ನಂಬರಿನಲ್ಲಿ ಏನೂ ಇರಲಿಲ್ಲ. ಮರುದಿನ ಬಂದು, ನೀನು ಸುಳ್ಳು ಹೇಳುತ್ತೀ ಎಂದಳು. ಮಿತ್ರಾಳಿಗೆ ಅಳುವೇ ಬಂತು. ಆದರೆ ಬುಶ್ರಾ ವಿಜ್ಞಾನದಲ್ಲಿ ಜಾಣೆ. ಅರ್ಧ ಪಿರಿಯಡ್ ಯೋಚಿಸಿ ಅವಳೇ ಇನ್ನೊಂದು ಮಾತು ಹೇಳಿದಳು. ತಮ್ಮ ಮನೆ ಬಸ್‌ಸ್ಟ್ಯಾಂಡಿನ ಆಚೆ. ಅಲ್ಲಿಯವರೆಗೆ ಬರುವಷ್ಟು ಶಕ್ತಿ ಆ ಸ್ಟೇಷನ್ನಿಗೆ ಇರಲಿಕ್ಕಿಲ್ಲ. ಹಾಗಿದ್ದರೆ ಅದು ವಿಜಯಪುರದಲ್ಲೂ ಇಲ್ಲ, ಬಾಗೇವಾಡಿಯಲ್ಲೂ ಇಲ್ಲ.

“ಇಲ್ಲೇ ಐತಿ,” ಎಂದಳು ಬುಶ್ರಾ. “ನಿಮ್ಮ ಮನಿ ಬಾಜೂಕೇ ಐತಿ.”

ಹುಡುಕುವುದು ಹೇಗೆ ಎನ್ನುವುದನ್ನೂ ಅವಳೇ ಹೇಳಿದಳು. ರೇಡಿಯೋ ಹಿಡಿದು ನಡೆಯಬೇಕು. ಹತ್ತಿರ ಹೋದರೆ ದನಿ ಸ್ವಚ್ಛ ಆಗುತ್ತದೆ, ದೂರ ಹೋದರೆ ಗೊರಗೊರ ಎನ್ನುತ್ತದೆ.

ಆಯಿ ರೇಡಿಯೋ ಕೊಡಲು ಒಪ್ಪಿದಳು. ಆದರೆ ಒಂದು ಕರಾರು ಹಾಕಿದಳು. ಆತ ಇವತ್ತು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಬಂದು ತನಗೆ ಒಪ್ಪಿಸಬೇಕು.

ಐದು ಗಂಟೆಗೆ ಇಬ್ಬರೂ ಹೊರಟರು. ಮಿತ್ರಾ ರೇಡಿಯೋವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಬುಶ್ರಾ ಏರಿಯಲ್ ಕಡ್ಡಿಯನ್ನು ಹಿಡಿದು ಪಕ್ಕದಲ್ಲಿ ನಡೆದಳು. ನೀರಿನ ಟಾಕಿಯ ಕಡೆ ಹೋದರೆ ಮಾತು ಒಡೆದು ಹೋಯಿತು. ತಿರುಗಿ ಬಂದರು. ರೇಷನ್ ಅಂಗಡಿಯ ಮುಂದೆ ಮಾತು ಸ್ವಲ್ಪ ಗಟ್ಟಿಯಾಯಿತು. ಮೊಸರಿನ ಗಡಿಗೆ ಹೊತ್ತ ಹೆಂಗಸೊಬ್ಬಳು, ರೇಡಿಯೋ ಮೆರವಣಿಗೆ ಎಲ್ಲಿಗೆ ಹೊಂಟೈತಿ ಎಂದು ಕೇಳಿ ನಕ್ಕಳು. ಅವರು ಉತ್ತರ ಕೊಡಲಿಲ್ಲ. ದನಿ ಈಗ ಅಗಸಿಯ ಹತ್ತಿರ ಬಂದಿತ್ತು. ಮಿತ್ರಾ ಒಂದೊಂದು ಮಾತನ್ನೂ ನೆನಪಿಟ್ಟುಕೊಳ್ಳುತ್ತಿದ್ದಳು.

ಹೈವೇ ಕಡೆಯ ರಸ್ತೆಗೆ ಹೊರಳಿದಾಗ ಗೊರಗೊರ ಪೂರ್ತಿ ನಿಂತಿತು. ಇನ್ನು ಹತ್ತು ಹೆಜ್ಜೆ ಇಟ್ಟರು. ರೇಡಿಯೋ ಒಮ್ಮೆಲೇ ಕೀ ಎಂದು ಕಿರುಚಿತು. ಬುಶ್ರಾ ಗಾಬರಿಯಾಗಿ ಅದನ್ನು ಬಂದ್ ಮಾಡಿದಳು.

ರೇಡಿಯೋ ಬಂದ್ ಆಯಿತು. ಮಾತು ಮಾತ್ರ ನಿಲ್ಲಲಿಲ್ಲ.

“...ಇದು ಅಗಸಿ. ಕಲ್ಲಿನ ಮ್ಯಾಲ ಕೈ ಇಟ್ಟು ನೋಡ್ರಿ, ಬ್ಯಾಸಗ್ಯಾಗೂ ತಣ್ಣಗ ಇರ್ತೈತಿ. ಇವತ್ತ ಇಷ್ಟ ಸಾಕು. ನಾಳೆ ಹೊರಗ ಹೋಗೂಣು.”

ಆ ಮಾತು ಬರುತ್ತಿದ್ದದ್ದು ಎದುರಿನ ಅಂಗಡಿಯೊಳಗಿನಿಂದ. ಅದು ಪರಸಪ್ಪನ ಮೋಟರ್ ವೈಂಡಿಂಗ್ ಅಂಗಡಿ. ಶಟರ್ ಅರ್ಧ ಇಳಿದಿತ್ತು. ಇಬ್ಬರೂ ಬಗ್ಗಿ ನೋಡಿದರು. ಟೇಬಲ್ಲಿನ ಮೇಲೆ ಒಂದು ಬಿಸ್ಕಿಟ್ ಡಬ್ಬಿ, ಅದರಿಂದ ಹೊರಟ ತಂತಿಗಳು, ಬೆರಳುದ್ದದ ಮೈಕು. ಅದರ ಮುಂದೆ ಕಣ್ಣು ಮುಚ್ಚಿಕೊಂಡು ಪರಸಪ್ಪ ಕೂತಿದ್ದ.

ಹುಡುಗಿಯರು ಸದ್ದಿಲ್ಲದೆ ಹಿಂದೆ ಸರಿದು, ತಿರುವಿನವರೆಗೆ ಓಡಿ, ಅಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪರಸಪ್ಪನನ್ನು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಬೋರ್‌ವೆಲ್ಲಿನ ಮೋಟರ್ ಸುಟ್ಟರೆ ಗೊಳಸಂಗಿಯಿಂದಲೂ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಇವನ ಹತ್ತಿರ ಬರುತ್ತಿದ್ದರು. ಅವನು ಸುತ್ತಿದ ತಾಮ್ರದ ತಂತಿ ಇನ್ನೊಮ್ಮೆ ಸುಡುವುದಿಲ್ಲ ಎನ್ನುತ್ತಿದ್ದರು. ಆದರೆ ಅವನಿಗೆ ಉಗ್ಗು, ಮಾತು ಹಿಡಿಯುತ್ತಿತ್ತು. ಒಂದು ‘ನಾಳೆ’ ಎನ್ನಲು ಅವನ ಕುತ್ತಿಗೆಯ ನರಗಳೆಲ್ಲ ಉಬ್ಬುತ್ತಿದ್ದವು. ಅದಕ್ಕೇ ಅಂಗಡಿಯಲ್ಲಿ ಒಂದು ಪಾಟಿ ತೂಗುಹಾಕಿದ್ದ. ಮೋಟರ್ ಯಾವಾಗ ಸಿಗುತ್ತದೆ ಎಂದು ಕೇಳಿದರೆ ಅದರ ಮೇಲೆ ಬರೆದು ತೋರಿಸುತ್ತಿದ್ದ. ಹುಡುಗರು ಅಂಗಡಿಯ ಮುಂದೆ ಹಾದುಹೋಗುವಾಗ ಅವನ ಹಾಗೆ ಮಾತಾಡಿ ಓಡಿಹೋಗುತ್ತಿದ್ದರು. ಮಿತ್ರಾ ಹಾಗೆ ಮಾಡಿರಲಿಲ್ಲ. ಆದರೆ ಅವರು ಮಾಡಿದಾಗ ನಕ್ಕಿದ್ದಳು.

“ಒಂದ ಸಲಾನೂ ನಿಲ್ಲಲಿಲ್ಲ ನೋಡು,” ಎಂದು ಬುಶ್ರಾ ಪಿಸುಗುಟ್ಟಿದಳು. “ಅಷ್ಟ ಚಂದ ನಮ್ಮ ಕನ್ನಡ ಟೀಚರ್‌ಗೂ ಬರಂಗಿಲ್ಲ.”

ಮನೆಗೆ ಬಂದು ಮಿತ್ರಾ ಅವತ್ತಿನ ಮಾತನ್ನೆಲ್ಲ ಆಯಿಗೆ ಒಪ್ಪಿಸಿದಳು. ಯಾರ ದನಿ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅದನ್ನು ಒಂದು ಸರ್‌ಪ್ರೈಸ್ ಮಾಡಬೇಕು ಎಂದುಕೊಂಡಿದ್ದಳು.

ನಾಳೆ ಹೊರಗೆ ಹೋಗೋಣ ಎಂದು ಆತ ಹೇಳಿದ್ದನ್ನು ಕೇಳಿ ಆಯಿ ಎದ್ದು ಕೂತಳು.

“ಹೊರಗ ಅಂದನೇನು? ಖರೇನೇ ಹಂಗ ಅಂದ?”

ಅವತ್ತು ರಾತ್ರಿ ಊಟದ ಹೊತ್ತಿಗೆ ಆಯಿ ಎರಡು ಸಲ ಅದನ್ನೇ ಕೇಳಿದಳು. ಮಿತ್ರಾಳಿಗೆ ಒಂದು ವಿಚಾರ ಹೊಳೆಯಿತು. ಅಗಸಿಯ ಹೊರಗಿನ ಓಣಿಯವಳೇ ಕೇಳುತ್ತ ಕೂತಿದ್ದಾಳೆ ಎಂದು ಪರಸಪ್ಪನಿಗೆ ಗೊತ್ತಾದರೆ ಅವನು ಇನ್ನೂ ಚೆಂದ ಹೇಳಬಹುದಲ್ಲ.

ಮರುದಿನ ಶಾಲೆ ಬಿಟ್ಟವಳೇ ನೇರ ಅಂಗಡಿಗೆ ಹೋದಳು. ಪರಸಪ್ಪ ತಾಮ್ರದ ತಂತಿ ಸುತ್ತುತ್ತಿದ್ದ. ತುಟಿ ಅಲುಗಿಸುತ್ತ ಸುತ್ತು ಎಣಿಸುತ್ತಿದ್ದ. ಎಣಿಕೆ ಮುಗಿಯುವವರೆಗೆ ಮಿತ್ರಾ ಕಾಯಲಿಲ್ಲ.

“ಕಾಕಾ, ನಿಮ್ಮ ರೇಡಿಯೋ ನಮ್ಮ ಆಯಿ ದಿನಾ ಕೇಳ್ತಾಳ್ರಿ. ಆಕೀಗೆ ಕಣ್ಣ ಕಾಣಂಗಿಲ್ರಿ. ನಮ್ಮ ಓಣಿ ಅಗಸಿ ಹೊರಗ ಇತ್ರಿ, ಇವತ್ತ ಬರ್ತೈತಿ ಅಂತ ಕಾಯಾಕತ್ತಾಳ್ರಿ.”

ಪರಸಪ್ಪನ ಕೈ ನಿಂತಿತು. ತಂತಿ ಸಡಿಲಾಗಿ ಸುರುಳಿ ಬಿಚ್ಚಿಕೊಂಡು ಅವನ ಕಾಲ ಮೇಲೆ ಬಿತ್ತು.

ಏನೋ ಕೇಳಲು ಬಾಯಿ ತೆರೆದ. ಬರಲಿಲ್ಲ. ಪಾಟಿ ತೆಗೆದು ಬರೆದ: ‘ಇನ್ನೂ ಯಾರು ಕೇಳುತ್ತಾರೆ?’

ಬುಶ್ರಾಳಿಗೆ ಗೊತ್ತು ಎಂದು ಮಿತ್ರಾ ಹೇಳಿದಳು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವನಿಗೆ ಖುಷಿಯಾಗಲಿ ಎಂದು ಇನ್ನೊಂದು ಮಾತು ಸೇರಿಸಿದಳು.

“ಭಾಳ ಮಂದಿ ಕೇಳ್ತಿರಬೇಕ್ರಿ.”

ಪರಸಪ್ಪ ಪಾಟಿಯ ಮೇಲೆ ಬರೆದ. ಒರೆಸಿದ. ಮತ್ತೆ ಬರೆದ: ‘ಈ ಗೋಡೆ ದಾಟಿ ಹೋಗುವುದಿಲ್ಲ ಅಂತ ತಿಳಿದಿದ್ದೆ. ಲೈಸೆನ್ಸ್ ಇಲ್ಲ.’

ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಮಿತ್ರಾಳಿಗೆ ಅಲ್ಲಿ ನಿಲ್ಲಬೇಕೋ ಹೋಗಬೇಕೋ ತಿಳಿಯಲಿಲ್ಲ. ಬರ್ತೇನ್ರಿ ಎಂದು ಹೇಳಿ ಓಡಿ ಬಂದಳು.

ಆಯಿ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕೂತಿದ್ದಳು, ಯಾರದೋ ಮನೆಗೆ ಹೊರಟವಳ ಹಾಗೆ. ಐದಾಯಿತು. ಐದೂ ಹತ್ತಾಯಿತು. ಟಕ್ ಎಂದು ಸದ್ದು ಬಂತು.

“ಅ... ಅ... ಅಗ... ಅಗಸಿ ದಾ... ದಾ...”

ಉಸಿರಿನ ಸದ್ದು ಕೇಳಿಸುತ್ತಿತ್ತು. ಆಯಿ ಮುಂದಕ್ಕೆ ಬಾಗಿದಳು. ಇನ್ನೊಮ್ಮೆ ‘ದಾ’ ಎಂದಿತು ದನಿ. ಆಮೇಲೆ ಟಕ್. ಗೊರಗೊರ.

“ಏನಾತು ಇಂವಗ?” ಎಂದಳು ಆಯಿ. “ಆರಾಮ ಇಲ್ಲೇನು?”

ಮಿತ್ರಾ ತಾನು ಅಂಗಡಿಗೆ ಹೋಗಿದ್ದನ್ನು ಹೇಳದೆ, ರೇಡಿಯೋದ ಸದ್ದು ಸಣ್ಣ ಮಾಡಿದಳು.

ಮರುದಿನ ರೇಡಿಯೋದಲ್ಲಿ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಯಿ ಮಾತ್ರ ಐದು ಗಂಟೆಗೆ ರೇಡಿಯೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಇಪ್ಪತ್ತು ನಿಮಿಷ ಆ ಗೊರಗೊರ ಸದ್ದನ್ನೇ ಕೇಳುತ್ತಿದ್ದಳು. ಅವಳ ಪಾದ ಅಲುಗುತ್ತಿರಲಿಲ್ಲ.

ನಾಲ್ಕನೆಯ ದಿನ ಮಿತ್ರಾಳಿಗೆ ತಡೆಯಲಾಗಲಿಲ್ಲ. ಅಪ್ಪ ಗೊಳಸಂಗಿಯ ಶಾಲೆಯಿಂದ ಬಂದು ಚಹಾ ಕುಡಿಯುತ್ತಿದ್ದಾಗ ಅಳುತ್ತ ಎಲ್ಲವನ್ನೂ ಹೇಳಿದಳು. ದನಿ ಯಾರದು, ತಾನು ಹೋಗಿ ಏನು ಹೇಳಿದೆ, ಅದರಲ್ಲಿ ಸುಳ್ಳು ಎಷ್ಟು, ಎಲ್ಲ.

ಅಪ್ಪ ಬಸಣ್ಣ ಮೇಷ್ಟರು. ಬೈಯಲಿಲ್ಲ. ಪೂರ್ತಿ ಕೇಳಿದ. ಆಮೇಲೆ ತಿಳಿಸಿ ಹೇಳಿದ. ಗಾಳಿಯಲ್ಲಿ ವಿಮಾನದವರ ಮಾತು, ಪೊಲೀಸರ ಮಾತು, ದೊಡ್ಡ ಸ್ಟೇಷನ್ನುಗಳ ಮಾತು ಎಲ್ಲ ಹೋಗುತ್ತಿರುತ್ತವೆ. ಯಾರು ಬೇಕಾದರೂ ತಮ್ಮ ಮಾತು ಬಿಡತೊಡಗಿದರೆ ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯುವುದಿಲ್ಲ. ಅದಕ್ಕೇ ಸರ್ಕಾರದ ಲೈಸೆನ್ಸ್ ಬೇಕು. ಶಾಲೆ, ಸಂಘ ಅರ್ಜಿ ಹಾಕಬಹುದು. ಒಬ್ಬ ಮನುಷ್ಯ ತನ್ನಷ್ಟಕ್ಕೆ ನಡೆಸುವ ಹಾಗಿಲ್ಲ, ಎಷ್ಟೇ ಸಣ್ಣದಿರಲಿ.

“ಹಂಗಾದ್ರ ಪರಸಪ್ಪ ಕಾಕಾ ಕೆಟ್ಟಾಂವೇನು?” ಎಂದು ಕೇಳಿದಳು ಮಿತ್ರಾ.

ಅಪ್ಪ ಕಪ್ಪನ್ನು ಕೆಳಗಿಟ್ಟ. “ಮಾಡಿದ್ದು ತಪ್ಪು. ಅಂವ ಕೆಟ್ಟಾಂವ ಅಲ್ಲ,” ಎಂದ.

ಆಯಿ ಚಾಪೆಯ ಮೇಲಿಂದ ಎಲ್ಲವನ್ನೂ ಕೇಳುತ್ತಿದ್ದಳು. “ಆ ಹುಡುಗನೇನು?” ಎಂದಳು ಕೊನೆಗೆ. “ಮಾತು ಹಿಡಿತಾವಲ್ಲ, ಆ ಹುಡುಗ? ಅಷ್ಟೆಲ್ಲ ಒಳಗ ಇಟ್ಕೊಂಡಿದ್ನೇನು?”

ಆಮೇಲೆ, ನಾಳೆ ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂದಳು.

ಆರು ವರ್ಷದಲ್ಲಿ ಆಯಿ ಅಷ್ಟು ದೂರ ನಡೆದಿರಲಿಲ್ಲ. ಮಿತ್ರಾ ಅವಳ ಎಡಗೈ ಹಿಡಿದಿದ್ದಳು. ಬಲಗೈಯಲ್ಲಿ ಕೋಲು. ಎರಡು ಕಡೆ ನಿಂತು ಸುಧಾರಿಸಿಕೊಂಡರು. ಅಂಗಡಿ ಮುಟ್ಟಿದಾಗ ಐದು ಗಂಟೆ ದಾಟಿತ್ತು.

ಪರಸಪ್ಪ ಎದ್ದು ನಿಂತ. ಟೇಬಲ್ಲಿನ ಮೇಲೆ ಬಿಸ್ಕಿಟ್ ಡಬ್ಬಿ ಇತ್ತು. ಆದರೆ ಅದರಲ್ಲಿ ಈಗ ನಟ್ಟು ಬೋಲ್ಟು ತುಂಬಿದ್ದವು. ಮೈಕು ಇರಲಿಲ್ಲ. ಎಲ್ಲವನ್ನೂ ಬಿಚ್ಚಿಹಾಕಿದ್ದ. ಮಿತ್ರಾ, ಇವಳೇ ತನ್ನ ಆಯಿ ಎಂದು ಹೇಳಿ, ಸ್ಟೂಲಿನ ಮೇಲೆ ಅವಳನ್ನು ಕೂರಿಸಿದಳು. ತಾನು ಹೇಳಿದ ಸುಳ್ಳನ್ನೂ ಹೇಳಿದಳು. ಭಾಳ ಮಂದಿ ಕೇಳುತ್ತಾರೋ ಇಲ್ಲವೋ ತನಗೆ ಗೊತ್ತಿಲ್ಲ, ತನಗೆ ಗೊತ್ತಿದ್ದದ್ದು ಆಯಿ ಒಬ್ಬಳೇ ಎಂದಳು.

ಪರಸಪ್ಪ ಪಾಟಿಗೆ ಕೈ ಹಾಕಿದ. ಹಾಕಿದವನು ಆಯಿಯ ಮುಖ ನೋಡಿ ಹಾಗೇ ನಿಂತ. ಅವಳಿಗೆ ಬರೆದು ತೋರಿಸಿ ಏನು ಫಲ?

ಬಾಯಿಂದಲೇ ಹೇಳಬೇಕಾಯಿತು. ಹೇಳಲು ಬಹಳ ಹೊತ್ತು ಹಿಡಿಯಿತು. ಊರು ಬಿಟ್ಟಾಗ ಅವನಿಗೆ ಹನ್ನೊಂದು ವರ್ಷ. ಅವನ ಅಪ್ಪ ಮನೆಮನೆಗೆ ಹೋಗಿ ವೈರಿಂಗ್ ಮಾಡುತ್ತಿದ್ದ, ಚೀಲ ಹೊತ್ತು ಇವನೂ ಹಿಂದೆ ಹೋಗುತ್ತಿದ್ದ. ಆ ಓಣಿಗಳು ಎಲ್ಲಿ ಮರೆತುಹೋಗುತ್ತವೋ ಎಂದು ಅವನಿಗೆ ಹೆದರಿಕೆ. ಹಳೆಯ ಪುಸ್ತಕ ನೋಡಿ, ಉಳಿದ ತಾಮ್ರದ ತಂತಿಯಿಂದ ಆ ಡಬ್ಬಿ ಮಾಡಿದ. ಆಚೆ ಕೇಳುವವರು ಯಾರೂ ಇಲ್ಲ ಎಂದುಕೊಂಡು ಕಣ್ಣು ಮುಚ್ಚಿದರೆ ಮಾತು ತಾವಾಗಿಯೇ ಬರುತ್ತಿದ್ದವು. ಕೇಳುವವರು ಇದ್ದಾರೆ ಎಂದು ಗೊತ್ತಾದ ದಿನ ನಿಂತುಬಿಟ್ಟವು. ಇನ್ನು ಅದನ್ನು ಹಚ್ಚುವುದಿಲ್ಲ, ತಪ್ಪು ಎಂದು ಮೊದಲೇ ಗೊತ್ತಿತ್ತು ಎಂದ.

“ರೇಡಿಯೋ ಬ್ಯಾಡ,” ಎಂದಳು ಆಯಿ. “ನಾ ಇಲ್ಲೇ ಬಂದೇನಲ್ಲ. ಹೇಳು. ಅಗಸಿ ದಾಟಿ ಎತ್ತಾಗ ಹೋಗೂಣು?”

ಪರಸಪ್ಪ ನೆಲ ನೋಡಿದ.

“ಆ... ಆಯಿ, ಅ... ಅಗಸಿ ಹೊರಗ ನಂ... ನಂಗ ಗೊತ್ತಿಲ್ರಿ. ಆ ಕಡೆ ಹೋ... ಹೋಗಬ್ಯಾಡ ಅಂತಿದ್ರು. ನಾ ಹೋಗಲಿಲ್ಲ. ಸೀ... ಸೀದಾ ಹೊಳಿ ಬಂತು ಅಂತ ಹೇ... ಹೇಳಾಂವ ಇದ್ದೆ.”

ಮಿತ್ರಾ ಅವನನ್ನೇ ನೋಡಿದಳು. ಆ ದಿನ ಅವನ ಗಂಟಲಲ್ಲಿ ಸಿಕ್ಕಿಕೊಂಡದ್ದು ಮಾತೊಂದೇ ಅಲ್ಲ ಎಂದು ಅವಳಿಗೆ ಈಗ ತಿಳಿಯಿತು. ಅಗಸಿ ದಾಟಿದ ಮೇಲೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಕೇಳುವವಳು ಅಲ್ಲಿಯವಳೇ ಆಗಿದ್ದಳು.

ಆಯಿ ಕೋಲಿನ ಮೇಲೆ ಎರಡೂ ಕೈ ಇಟ್ಟಳು.

“ನಂಗ ಗೊತ್ತೈತಿ,” ಎಂದಳು. “ಇಷ್ಟ ದಿನ ನೀ ಕರಕೊಂಡು ಅಡ್ಡಾಡಿದಿ. ಈಗ ನಾ ಮುಂದ ಹೋಗ್ತೇನಿ, ನೀ ನನ್ನ ಹಿಂದ ಬಾ. ತಿಳೀದಿದ್ರ ಕೇಳು. ನಿಂತು ನಿಂತು ಕೇಳು, ನಂಗೇನ ಅವಸರ ಐತಿ?”

ಆ ದಿನ ಅವರು ಅಗಸಿಯಿಂದ ಏಳು ಮನೆ ದಾಟಿದರು. ಪರಸಪ್ಪ ಸೀಮೆಸುಣ್ಣ ತೆಗೆದು ಅಂಗಡಿಯ ನೆಲದ ಮೇಲೆ ಗೆರೆ ಎಳೆಯುತ್ತ ಹೋದ. ಒಂದೊಂದು ಮನೆಗೂ ಆಯಿ ಹೆಸರು ಹೇಳಿದಳು. ಬಾರಿಸುವ ಹಲಗಿಯನ್ನು ಬಿಸಿಲಿಗೆ ಕಾಯಿಸಲು ಇಡುತ್ತಿದ್ದ ಜಾಗ, ಬಾಬಾಸಾಹೇಬರ ಫೋಟೋ ಹಾಕಿದ್ದ ಗುಡಿಸಲು, ಸಂಜೆ ಅಲ್ಲಿ ಕಂದೀಲು ಹಚ್ಚಿ ಅಕ್ಷರ ಕಲಿಸುತ್ತಿದ್ದದ್ದು, ಎಲ್ಲ ಬಂತು. ಅಪ್ಪ ಓದಿದ್ದು ಅಲ್ಲೇ ಎಂದು ಮಿತ್ರಾಳಿಗೆ ಅವತ್ತೇ ಗೊತ್ತಾದದ್ದು.

ಮರುದಿನವೂ ಹೋದರು. ಮೂರನೆಯ ದಿನ ಬುಶ್ರಾ ತನ್ನ ಅಬ್ಬಾನ ತಾಯಿ, ದಾದಿ ಶಮಶಾದಬಿಯನ್ನು ಕರೆತಂದಳು. ಬುಶ್ರಾಳಿಂದ ಕೇಳಿದ್ದರಲ್ಲಿ ದಾದಿಗೆ ಎಣ್ಣೆ ಗಾಣದ ಓಣಿಯದು ಒಂದು ಮಾತು ತಿದ್ದುವುದಿತ್ತು. ಮೆಟ್ಟಿಲು ಐದಲ್ಲ, ಆರು. ಪರಸಪ್ಪ ಒಪ್ಪಲಿಲ್ಲ. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ವಾದದ ಭರದಲ್ಲಿ ಅವನ ಮಾತು ಹತ್ತು ಸಲ ಹಿಡಿದವು, ಹತ್ತು ಸಲವೂ ಬಿಟ್ಟವು. ಮೋಟರ್ ಒಯ್ಯಲು ಬಂದವರು ಕೂಡ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳತೊಡಗಿದರು. ಅಪ್ಪ ಒಂದು ದಿನ ನೋಟ್‌ಬುಕ್ ಹಿಡಿದುಕೊಂಡು ಬಂದು, ಸುಮ್ಮನೆ ಒಂದು ಮೂಲೆಯಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡ.

ಆರನೆಯ ದಿನ ಗೆರೆಗಳು ಅಂಗಡಿಯ ಹೊಸ್ತಿಲವರೆಗೆ ಬಂದಿದ್ದವು. ಓಣಿಯಲ್ಲಿ ಉಳಿದದ್ದು ಒಂದೇ ಮನೆ, ಹೊಳೆಯ ಇಳಿಜಾರಿನ ಮೇಲಿನದು. ಅದರ ಮುಂದೆ ಒಂದು ಬಾವಿ, ತನ್ನ ಮಾವ ಅಗೆದದ್ದು ಎಂದು ಆಯಿ ಹೇಳಿದಳು.

ಪರಸಪ್ಪ ಬಾವಿಗೆ ಒಂದು ದುಂಡನೆಯ ಗೆರೆ ಹಾಕಿದ. ಅದರ ಪಕ್ಕ ಒಂದು ಚೌಕ ಬರೆದ. ಸೀಮೆಸುಣ್ಣ ಎತ್ತಿ ಹಿಡಿದು ಆಯಿಯ ಕಡೆ ನೋಡಿದ.

“ಬಾ... ಬಾ...”

ಬಾವಿ, ಎಂದುಕೊಂಡಳು ಮಿತ್ರಾ. ಬಾವಿಯ ನೀರು ಸಿಹಿ ಇತ್ತೇ ಎಂದು ಕೇಳುತ್ತಿದ್ದಾನೆ. ಮಾತು ಅವಳ ನಾಲಗೆಯ ತುದಿಗೆ ಬಂದು ನಿಂತಿತ್ತು. ಅವಳೇ ಹೇಳಿಬಿಟ್ಟರೆ ಅವನಿಗೆ ಕಷ್ಟ ತಪ್ಪುತ್ತಿತ್ತು.

“ಬಾ...”

ಅಂಗಡಿಯಲ್ಲಿ ಯಾರೂ ಅಲುಗಲಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಆಯಿ ತಲೆಯನ್ನು ಒಂದು ಬದಿಗೆ ವಾಲಿಸಿ ಕಾಯುತ್ತಿದ್ದಳು. ಬೇಸರದಿಂದ ಕಾಯುವವರ ಮುಖ ಅದಾಗಿರಲಿಲ್ಲ. ಮಾತು ಎಲ್ಲಿಯೋ ದಾರಿಯಲ್ಲಿದೆ, ಬರುತ್ತದೆ ಎನ್ನುವಂಥ ಮುಖ. ಪರಸಪ್ಪನೂ ನೆಲ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

ಮಿತ್ರಾ ತುಟಿ ಬಿಗಿಹಿಡಿದಳು.

“ಬಾ... ಬಾಗಲ ಎತ್ತಾಗ ಇತ್ರಿ, ಆಯಿ? ನಿಮ್ಮ ಮನೀದು?”

ಮಿತ್ರಾ ಮೆಲ್ಲಗೆ ಉಸಿರು ಬಿಟ್ಟಳು. ಬಾವಿಯ ಮಾತೇ ಅಲ್ಲ ಅದು. ಅವಳು ಬಾಯಿ ಹಾಕಿದ್ದರೆ ಅವನು ಸುಮ್ಮನೆ ಹೌದೆಂದು ತಲೆಯಾಡಿಸಿಬಿಡುತ್ತಿದ್ದ. ಈ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ.

“ಹೊಳಿ ಕಡೆ,” ಎಂದಳು ಆಯಿ. “ಮುಂಜಾನೆ ಕದ ತಗದ್ರ ನೀರೇ ಕಾಣ್ತಿತ್ತು.”

ಪರಸಪ್ಪ ಬಗ್ಗಿ, ಚೌಕದ ಆ ಬದಿಯ ಗೆರೆಯನ್ನು ಹೆಬ್ಬೆರಳಿನಿಂದ ಒಂದಿಷ್ಟು ಅಳಿಸಿದ. ಅಲ್ಲಿ ಒಂದು ಬಾಗಿಲಾಯಿತು.